ಎದುರುಮೇಜಿನವರ ಅನುಮಾನಗಳು

ನಾವಿಬ್ಬರೂ ಮೊದಲ ಸಲ ವಾದಕ್ಕೆ ಬಿದ್ದದ್ದು ಪತ್ರಿಕೆಯಲ್ಲಿ ಬಂದ ಒಂದು ಫೋಟೋದ ವಿಷಯಕ್ಕೆ.

ತೊಂಬತ್ತೊಂದರ ಬೇಸಿಗೆ. ಮಾಜಿ ಪ್ರಧಾನಿಯೊಬ್ಬರನ್ನು ಪಕ್ಕದ ರಾಜ್ಯದ ಚುನಾವಣಾ ಸಭೆಯಲ್ಲಿ ಬಾಂಬು ಸಿಡಿಸಿ ಕೊಂದು ಕೆಲವು ದಿನಗಳಾಗಿದ್ದವು. ನನಗಾಗ ಇಪ್ಪತ್ನಾಲ್ಕು. ಕಂಟೋನ್ಮೆಂಟಿನ ಹಳೆಯ ಕಟ್ಟಡವೊಂದರಲ್ಲಿದ್ದ ವಿಮಾ ಕಚೇರಿಯಲ್ಲಿ, ಸತ್ತವರ ಕ್ಲೇಮುಗಳನ್ನು ಪರಿಶೀಲಿಸುವ ವಿಭಾಗದಲ್ಲಿ ಗುಮಾಸ್ತೆಯಾಗಿದ್ದೆ. ದಿನವಿಡೀ ನನ್ನ ಮುಂದೆ ಮರಣ ಪ್ರಮಾಣಪತ್ರ, ಎಫ್‌ಐಆರ್, ಪಂಚನಾಮೆ, ಆಸ್ಪತ್ರೆಯ ಚೀಟಿಗಳು. ನನ್ನ ಮೇಜಿಗೆ ಮುಖಮಾಡಿ ಇನ್ನೊಂದು ಮೇಜು; ಅಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವರಾದ ಒಬ್ಬ ಗುಮಾಸ್ತರು. ಅವರ ಹೆಸರನ್ನು ಬರೆಯುವುದಿಲ್ಲ. ಎದುರುಮೇಜಿನವರು ಎಂದರೆ ಸಾಕು.

ಅವರು ಹಲಸೂರಿನವರು. ಮನೆಮಾತು ತಮಿಳು. ತಾತನ ಕಾಲಕ್ಕೇ ಕಂಟೋನ್ಮೆಂಟಿಗೆ ಬಂದು ನೆಲೆಸಿದ ಮನೆತನ. ಅಕ್ಕನ ಸಂಸಾರ ಬೆಳೆದು ಹಲಸೂರಿನ ಮನೆಯಲ್ಲಿ ಜಾಗ ಸಾಲದಾದಾಗ ದೊಮ್ಮಲೂರಿನಲ್ಲಿ ಒಂದು ಮನೆಯ ಮಹಡಿಯ ಮೇಲಿನ ಶೀಟಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದರು. ಒಂದೂವರೆ ವರ್ಷ ಎದುರುಬದುರು ಕೂತಿದ್ದರೂ ಆ ದಿನದವರೆಗೆ ನಾವು ಆಡಿದ್ದ ಮಾತೆಲ್ಲ ಫೈಲು, ಗೋಂದು, ಸೀಲು ಇಷ್ಟರಲ್ಲೇ ಮುಗಿಯುತ್ತಿತ್ತು.

ಅವತ್ತು ಅವರು ಬಾಂಬು ಸಿಡಿಯುವ ಸ್ವಲ್ಪ ಮುಂಚೆ ತೆಗೆದ ಫೋಟೋ ಇದ್ದ ಪತ್ರಿಕೆಯನ್ನು ತಂದು ನನ್ನ ಫೈಲಿನ ಮೇಲೆ ಬಿಡಿಸಿಟ್ಟರು.

"ಮೇಡಂ, ಇದನ್ನ ನೋಡಿ. ಹಾರ ಹಿಡ್ಕೊಂಡು ನಿಂತಿದ್ದಾಳಲ್ಲ, ಇವಳನ್ನ ಅಷ್ಟು ಹತ್ರ ಬಿಟ್ಟೋರು ಯಾರು?"

"ಜನ ಜಾಸ್ತಿ ಇದ್ರು. ನುಗ್ಗಿರ್ತಾಳೆ."

"ನುಗ್ಗಿ ಬಂದವಳ ಮುಖ ಹಿಂಗಿರುತ್ತಾ? ಬಸ್ ಕಾಯೋರ ಥರ ನಿಂತಿದ್ದಾಳೆ."

ನಾನು ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು. ಅದೇ ನನಗೆ ಸಿಟ್ಟು ತರಿಸಿತು. ಪೊಲೀಸರು ತನಿಖೆ ಮಾಡುತ್ತಿದ್ದಾರೆ, ಅವರಿಗಿಂತ ನಿಮಗೆ ಹೆಚ್ಚು ಗೊತ್ತಾ ಎಂದೆ. ಅವರು ಪತ್ರಿಕೆ ಮಡಿಸುತ್ತ, "ಪೊಲೀಸರು ಬರೆದಿದ್ದನ್ನ ನಾವು ದಿನಾ ಓದ್ತೀವಲ್ಲ ಮೇಡಂ, ಎಷ್ಟು ಗೊತ್ತಿರುತ್ತೆ ಅವರಿಗೆ?" ಎಂದು ನಕ್ಕು ತಮ್ಮ ಜಾಗಕ್ಕೆ ಹೋದರು. ಮಧ್ಯಾಹ್ನದವರೆಗೆ ನಾನು ಆ ಮಾತಿಗೆ ಉತ್ತರ ಹುಡುಕುತ್ತಿದ್ದೆ. ಊಟದ ಹೊತ್ತಿಗೆ ಸಿಕ್ಕಿತು. ಡಬ್ಬಿ ಎತ್ತಿಕೊಂಡು ಅವರ ಮೇಜಿನ ಬಳಿಗೇ ಹೋದೆ.

ಆ ಉತ್ತರ ಇನ್ನೂ ನೆನಪಿದೆ. ನಮ್ಮಲ್ಲಿಗೆ ಆ ವಾರ ಬಂದಿದ್ದ ಒಂದು ಕ್ಲೇಮಿನಲ್ಲಿ, ಬಾವಿಗೆ ಬಿದ್ದು ಸತ್ತವನೊಬ್ಬ ಎಫ್‌ಐಆರ್ ಪ್ರಕಾರ ಮಧ್ಯಾಹ್ನ ಸತ್ತಿದ್ದ, ಪಂಚನಾಮೆಯ ಪ್ರಕಾರ ಬೆಳಿಗ್ಗೆ, ಆಸ್ಪತ್ರೆಯ ಪ್ರಕಾರ ಸಂಜೆ. "ಮೂರು ಕಾಗದದಲ್ಲಿ ಮೂರು ಹೊತ್ತು ಇದೆ ಅಂದ್ರೆ ಮೂರು ಜನ ಬರೆದಿದ್ದಾರೆ ಅಂತ ಅರ್ಥ," ಎಂದೆ. "ಮೂರು ಜನ ಸೇರಿ ಕೊಂದಿದ್ದಾರೆ ಅಂತಲ್ಲ."

ಅವರು ತುತ್ತು ಕೈಯಲ್ಲೇ ಹಿಡಿದು ಯೋಚಿಸಿದರು. "ಸರಿ. ಆದ್ರೆ ಮೂರು ಕಾಗದದಲ್ಲೂ ಒಂದೇ ಹೊತ್ತು ಇದ್ದಿದ್ರೆ ನನಗೆ ಇನ್ನೂ ಜಾಸ್ತಿ ಅನುಮಾನ ಬರ್ತಿತ್ತು ರೀ."

ಮೇಡಂ ಹೋಗಿ ರೀ ಬಂದದ್ದನ್ನು ನಾನು ಗಮನಿಸಿದೆ.

ಆಮೇಲೆ ಅದು ದಿನದ ಅಭ್ಯಾಸವಾಯಿತು. ಅವರು ನಾಲ್ಕು ಭಾಷೆಯ ಪತ್ರಿಕೆ ಓದುತ್ತಿದ್ದರು. ತಮಿಳು ಪತ್ರಿಕೆಯಲ್ಲಿ ಬಂದದ್ದು ಕನ್ನಡದಲ್ಲಿ ಯಾಕೆ ಬರಲಿಲ್ಲ, ಇಂಗ್ಲಿಷಿನಲ್ಲಿ ಬಂದ ಹೆಸರು ಮಾರನೆಯ ದಿನ ಯಾಕೆ ಮಾಯವಾಯಿತು, ಸಭೆಯಲ್ಲಿ ಪಕ್ಕದಲ್ಲಿರಬೇಕಾದವರು ದೂರ ಯಾಕಿದ್ದರು, ಇದರ ಹಿಂದೆ ಬೇರೆ ದೇಶದವರ ಕೈ ಇಲ್ಲವೇ ಎಂದು ಒಂದೊಂದು ದಿನ ಒಂದೊಂದು ಎಳೆ ಹಿಡಿದು ಬರುತ್ತಿದ್ದರು. ನಾನು ಸಾಕ್ಷಿ ಕೇಳುತ್ತಿದ್ದೆ. ಸಂಜೆ ಕಚೇರಿ ಬಿಟ್ಟ ಮೇಲೆ ಶಿವಾಜಿನಗರದ ಬಸ್ ನಿಲ್ದಾಣದವರೆಗೆ ನಡೆಯುತ್ತ ವಾದ ಮುಂದುವರಿಯುತ್ತಿತ್ತು. ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಚಹಾದಂಗಡಿ. ಅದರ ಮುದುಕ ನಮ್ಮನ್ನು ಕಂಡ ಕೂಡಲೇ ಎರಡು ಲೋಟ ತೊಳೆದಿಟ್ಟು, "ಕ್ಯಾ ಸಾಬ್, ಕೇಸ್ ಖತಂ ನೈ ಹುವಾ?" ಎನ್ನುತ್ತಿದ್ದ. ಮುಗಿಯಲಿಲ್ಲ ಎಂದು ಎದುರುಮೇಜಿನವರು ಕೈಯಾಡಿಸುತ್ತಿದ್ದರು. ಮುಗಿಯದಿರಲಿ ಎಂದು ನಾನು ಅಂದುಕೊಳ್ಳುತ್ತಿದ್ದೆ.

ಇಬ್ಬರದೂ ಒಂದೇ ಬಸ್ಸು. ನಾನು ಇಂದಿರಾನಗರದಲ್ಲಿ ಇಳಿಯಬೇಕು, ಅವರು ದೊಮ್ಮಲೂರಿನವರೆಗೆ ಹೋಗಬೇಕು. ವಾದ ಬಿಸಿಯಾಗಿದ್ದರೆ ಹಲಸೂರು ಕೆರೆಯ ಬಳಿಯೇ ಇಳಿದುಬಿಡುತ್ತಿದ್ದೆವು. ಅಲ್ಲಿಂದ ನಮ್ಮ ಮನೆಗೆ ನಡೆದು ಹೋಗಲು ಅರ್ಧ ಗಂಟೆಗಿಂತ ಜಾಸ್ತಿ ಬೇಕಿತ್ತು. ಮನೆಯ ಬೀದಿ ಬರುವ ಮೊದಲೇ ಅವರು ನಿಂತುಬಿಡುತ್ತಿದ್ದರು. ನಾನೂ ಬನ್ನಿ ಎನ್ನುತ್ತಿರಲಿಲ್ಲ.

ಅಂಥ ಒಂದು ನಡಿಗೆಯಲ್ಲೇ ಅವರು ತಮ್ಮ ತಂದೆಯ ವಿಷಯ ಹೇಳಿದ್ದು. ಅವರಿಗೆ ಒಂಬತ್ತು ವರ್ಷವಿದ್ದಾಗ, ಕೆ.ಆರ್. ಪುರದಿಂದಾಚೆ ಆಗ ಇದ್ದು ಈಗ ಹೇಳಹೆಸರಿಲ್ಲದ ಒಂದು ಸಣ್ಣ ಎರಕದ ವರ್ಕ್‌ಶಾಪಿನಲ್ಲಿ ತಂದೆ ಸತ್ತಿದ್ದರು. ಕಾಗದದಲ್ಲಿ ಹೃದಯಾಘಾತ ಎಂದು ಬರೆದಿದ್ದರು. "ನಮ್ಮಮ್ಮ ಸಾಯೋ ತನಕ ಒಂದೇ ಪ್ರಶ್ನೆ ಕೇಳ್ತಿದ್ರು ರೀ. ಹಾರ್ಟ್ ನಿಂತ್ರೆ ಕೈಯಾಕೆ ಸುಡುತ್ತೆ ಅಂತ. ಎರಡು ಕೈನೂ ಮೊಣಕೈ ತನಕ ಸುಟ್ಟಿತ್ತು. ನಾನೇ ನೋಡಿದ್ದೆ."

ಅದುವರೆಗೆ ನಾನು ಅವರ ಅನುಮಾನಗಳನ್ನು ಓದಿನ ಚಟ ಅಂದುಕೊಂಡಿದ್ದೆ. ನನ್ನ ತಂದೆ ಸರ್ಕಾರಿ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವರು. ಅಳತೆ ಸರಿ ಇದೆ ಎಂದು ಅವರು ಸಹಿ ಹಾಕಿದರೆ ಅದು ಸರಿ ಇರುತ್ತಿತ್ತು. ಸಹಿಯಾದ ಕಾಗದ ಎಂದರೆ ನಿಜ ಎಂಬ ಮನೆಯಲ್ಲಿ ನಾನು ಬೆಳೆದಿದ್ದೆ. ಎದುರುಮೇಜಿನವರು ಬೆಳೆದದ್ದು ಸಹಿಯಾದ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಅಳುವ ಮನೆಯಲ್ಲಿ. ಆ ಸಂಜೆ ಇಬ್ಬರೂ ಮತ್ತೆ ಕೊಲೆಯ ಮಾತೆತ್ತಲಿಲ್ಲ. ಕೆರೆಯ ಮೇಲಿನಿಂದ ಗಾಳಿ ಬೀಸುತ್ತಿತ್ತು, ಸೈನಿಕರ ಲಾರಿಯೊಂದು ನಿಧಾನವಾಗಿ ಹಾದುಹೋಯಿತು, ನನ್ನ ಚಪ್ಪಲಿಯ ಉಂಗುಷ್ಟ ಕಿತ್ತು ಬಂದಿತ್ತು. ಅವರು ತಮ್ಮ ಜೇಬಿನಿಂದ ಫೈಲಿಗೆ ಕಟ್ಟುವ ಕೆಂಪು ದಾರ ತೆಗೆದು ಕೊಟ್ಟರು. ಕಟ್ಟಿಕೊಂಡು ನಡೆದೆ.

ಜುಲೈನಲ್ಲಿ ಅವರಿಗೆ ಕಾಮಾಲೆ ಆಯಿತು. ನಮ್ಮ ಸೂಪರಿಂಟೆಂಡೆಂಟರು ನಲವತ್ತೈದು ದಾಟಿದ, ಎಲ್ಲರನ್ನೂ ಅಪ್ಪಾ ಅಮ್ಮಾ ಎಂದು ಕರೆಯುವ ಮೆತ್ತಗಿನ ಮನುಷ್ಯ. ನೋಡಿಕೊಂಡು ಬರೋಣ ಬಾಮ್ಮಾ ಎಂದು ನನ್ನನ್ನೂ ಕರೆದುಕೊಂಡು ದೊಮ್ಮಲೂರಿಗೆ ಹೋದರು. ಆ ಕೋಣೆಯನ್ನು ನಾನು ನೋಡಿದ್ದು ಅದೊಂದೇ ಸಲ. ಒಂದು ಮಂಚ, ಒಂದು ಸ್ಟವ್, ಮೂಲೆಯಲ್ಲಿ ಮಣ್ಣಿನ ಹೂಜಿ. ಒಂದಿಡೀ ಗೋಡೆಯ ತುಂಬ ಪತ್ರಿಕೆಯ ಕತ್ತರಿಕೆಗಳು. ನಡುವೆ ಆ ಫೋಟೋ. ಅದರಿಂದ ಕೆಂಪು ಪೆನ್ಸಿಲಿನ ಬಾಣಗಳು ಹೊರಟು ಬೇರೆ ಬೇರೆ ಹೆಸರು, ಊರು, ಹೊತ್ತುಗಳಿಗೆ ಮುಟ್ಟುತ್ತಿದ್ದವು.

ಸೂಪರಿಂಟೆಂಡೆಂಟರು ಕನ್ನಡಕ ಸರಿಮಾಡಿಕೊಂಡು ನೋಡಿ, "ಏನಪ್ಪಾ ಇದು, ಸಿಐಡಿ ಆಫೀಸ್ ಮಾಡ್ಬಿಟ್ಟಿದ್ದೀಯಾ" ಎಂದರು.

ಕತ್ತರಿಕೆಗಳ ಅಂಚಿನಲ್ಲಿ ನೀಲಿ ಶಾಯಿಯ ದುಂಡನೆಯ ಅಕ್ಷರಗಳಿದ್ದವು. ಅವು ನನ್ನವು. ಅವರು ಕತ್ತರಿಕೆಗಳನ್ನು ಕಚೇರಿಗೆ ತಂದು ಕೊಡುತ್ತಿದ್ದರು, ನಾನು ಮನೆಯಲ್ಲಿ ಓದಿ ಅಂಚಿನಲ್ಲಿ ನನ್ನ ತಕರಾರು ಬರೆದು ವಾಪಸು ಕೊಡುತ್ತಿದ್ದೆ. ಅವರು ಅವನ್ನು ಇಷ್ಟು ಜೋಪಾನವಾಗಿ ಅಂಟಿಸಿಟ್ಟುಕೊಂಡಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಹೊರಡುವಾಗ ಅವರು ಹಳದಿ ಕಣ್ಣುಗಳಿಂದ ನನ್ನನ್ನು ನೋಡಿ, "ನಿಮ್ಮದೆಲ್ಲ ಇದೆ ನೋಡಿ, ಒಂದೂ ಬಿಸಾಕಿಲ್ಲ" ಎಂದರು. ಸೂಪರಿಂಟೆಂಡೆಂಟರು ಆಗಲೇ ಮೆಟ್ಟಿಲಿಳಿಯುತ್ತಿದ್ದರು. ನಾನು ಬೇಗ ಹುಷಾರಾಗಿ ಎಂದಷ್ಟೇ ಹೇಳಿ ಇಳಿದುಬಂದೆ. ಆ ಮಾತಿಗೆ ಬೇರೆ ಏನಾದರೂ ಹೇಳಬಹುದಿತ್ತೆಂದು ಎಷ್ಟೋ ಸಲ ಅನ್ನಿಸಿದೆ.

ಆಗಸ್ಟಿನಲ್ಲಿ ಆ ಕೊಲೆಯ ಮುಖ್ಯ ಆರೋಪಿಗಳು ನಮ್ಮ ಊರಿನಲ್ಲೇ, ದಕ್ಷಿಣದ ತುದಿಯ ಒಂದು ಬಾಡಿಗೆ ಮನೆಯಲ್ಲಿ ಅಡಗಿದ್ದು ಅಲ್ಲೇ ಸತ್ತರೆಂಬ ಸುದ್ದಿ ಬಂತು. ಊರಿಗೆ ಊರೇ ಬೆದರಿತು. ಮನೆ ಬಾಡಿಗೆಗೆ ಕೊಟ್ಟವರೆಲ್ಲ ತಮ್ಮ ಬಾಡಿಗೆದಾರರನ್ನು ಹೊಸದಾಗಿ ನೋಡತೊಡಗಿದರು. ತಮಿಳು ಮಾತಾಡುವ ಒಂಟಿ ಗಂಡಸರಾದರೆ ಮುಗಿದೇ ಹೋಯಿತು. ಇದೇ ಊರಿನಲ್ಲಿ ಮೂರು ತಲೆಮಾರು ಬದುಕಿದವರೂ ಬಸ್ಸಿನಲ್ಲಿ ಮೆಲ್ಲಗೆ ಮಾತಾಡತೊಡಗಿದ್ದರು. ಇಂಥ ದಿನಗಳಲ್ಲಿ ಎದುರುಮೇಜಿನವರ ಮನೆಯ ಮಾಲೀಕರು ನೀರಿನ ಟ್ಯಾಂಕು ನೋಡಲು ಮಹಡಿ ಹತ್ತಿದರು. ಕಿಟಕಿ ತೆರೆದಿತ್ತು. ಒಳಗಿನ ಗೋಡೆ ಕಂಡಿತು. ನೇರ ಠಾಣೆಗೆ ಹೋದರು.

ಮಾರನೆಯ ಬೆಳಿಗ್ಗೆ ಎದುರಿನ ಕುರ್ಚಿ ಖಾಲಿಯಿತ್ತು. ಹನ್ನೊಂದರ ಹೊತ್ತಿಗೆ ಸಾದಾ ಉಡುಪಿನ ಇನ್‌ಸ್ಪೆಕ್ಟರೊಬ್ಬರು ಬಂದರು. ನನ್ನನ್ನು ಸೂಪರಿಂಟೆಂಡೆಂಟರ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಗೋಡೆಯಿಂದ ಕಿತ್ತುತಂದ ಕತ್ತರಿಕೆಗಳಿದ್ದವು, ಹಿಂದೆ ಸುಣ್ಣ ಅಂಟಿಕೊಂಡು.

"ಕೂತ್ಕೊಳ್ಳಿ ಮೇಡಂ. ಆತನ ಎದುರು ನೀವೇ ಅಂತಲ್ಲ ಕೂರೋದು?"

"ಹೌದು ಸಾರ್."

"ಇದನ್ನ ಕೇಳಿ." ಅವರು ಒಂದು ಕತ್ತರಿಕೆಯನ್ನು ಎತ್ತಿ ಅಂಚಿನ ಬರಹ ಓದಿದರು. "ಈ ಕೆಲಸಕ್ಕೆ ಆಕೆ ಒಬ್ಬಳೇ ಸಾಕಿತ್ತು, ಇಷ್ಟು ಜನ ಬೇಕಿರಲಿಲ್ಲ." ಇನ್ನೊಂದನ್ನು ಎತ್ತಿದರು. "ದೂರ ನಿಂತವರಿಗೆ ಮೊದಲೇ ಗೊತ್ತಿದ್ದರೆ ಇನ್ನೂ ದೂರ ನಿಲ್ಲುತ್ತಿದ್ದರು." ಕಾಗದ ಕೆಳಗಿಟ್ಟು ನನ್ನ ಮುಖ ನೋಡಿದರು. "ಈ ಅಕ್ಷರ ಯಾರದ್ದು, ಗೊತ್ತಾ?"

ನನ್ನದೇ ವಾದ, ಪಿತೂರಿ ಇಲ್ಲ ಎಂದು ಸಾಧಿಸಲು ಬರೆದದ್ದು, ಅವರ ಬಾಯಲ್ಲಿ ಪಿತೂರಿಯಾಗಿಯೇ ಕೇಳಿಸಿತು. ಆ ಭಾನುವಾರ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ಅಪ್ಪನ ಮುಖ ಕಣ್ಣಮುಂದೆ ಬಂತು, ಮನೆಯ ಮುಂದೆ ಜೀಪು ನಿಂತಂತೆ, ಬೀದಿಯವರು ಬಾಗಿಲಿಗೆ ಬಂದಂತೆ ಕಂಡಿತು.

"ಗೊತ್ತಿಲ್ಲ ಸಾರ್," ಎಂದೆ.

ಸೂಪರಿಂಟೆಂಡೆಂಟರು ಅಲ್ಲೇ ಕೂತಿದ್ದರು. ನನ್ನ ಅಕ್ಷರವನ್ನು ದಿನಕ್ಕೆ ನಲವತ್ತು ಸಲ ನೋಡುವವರು. ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಆಮೇಲೆ, "ಹುಡುಗ ಒಳ್ಳೆಯವನು ಸಾರ್, ಓದೋ ಚಟ, ಅಷ್ಟೇ. ನಾನು ಬರೆದುಕೊಡ್ತೀನಿ" ಎಂದರು.

ನಾನು ಹೊರಗೆ ಬಂದು ನನ್ನ ಕುರ್ಚಿಯಲ್ಲಿ ಕೂತೆ. ಎದುರಿನ ಮೇಜಿನ ಮೇಲೆ ಅವರ ಗೋಂದಿನ ಬಾಟಲಿಯ ಮುಚ್ಚಳ ತೆರೆದೇ ಇತ್ತು. ಎದ್ದು ಹೋಗಿ ಮುಚ್ಚಿದೆ. ಅವರಿಗಾಗಿ ಆ ದಿನ ನಾನು ಮಾಡಿದ್ದು ಅಷ್ಟೇ.

ಪೊಲೀಸರು ಅವರನ್ನು ಎರಡು ಹಗಲು ಠಾಣೆಯಲ್ಲಿ ಕೂರಿಸಿಕೊಂಡು ಬಿಟ್ಟರು. ಮೂರನೆಯ ದಿನ ಅವರು ಕಚೇರಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಬೋಳಿಸಿದ ಗಡ್ಡ. ಯಾರೂ ಏನೂ ಕೇಳಲಿಲ್ಲ. ಕೇಳದೇ ಇದ್ದದ್ದು ಒಳ್ಳೆಯತನದಿಂದಲ್ಲ. ಊಟದ ಹೊತ್ತಿಗೆ ಅವರ ಮೇಜಿನ ಸುತ್ತ ಯಾರೂ ಕೂರಲಿಲ್ಲ. ನಾನೂ ಕೂರಲಿಲ್ಲ. ವಾರ ಕಳೆದ ಮೇಲೆ ಧೈರ್ಯ ಮಾಡಿ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಅವರ ಪಕ್ಕ ಹೋಗಿ ನಿಂತೆ. ಕ್ಷಮಿಸಿ ಎನ್ನಬೇಕೆಂದು ಹೋದವಳ ಬಾಯಲ್ಲಿ ಬಂದದ್ದು, "ಇವತ್ತಿನ ಪೇಪರ್ ನೋಡಿದ್ರಾ?" ಎಂಬ ಮಾತು.

"ಪೇಪರ್ ನಿಲ್ಲಿಸ್ಬಿಟ್ಟೆ ಮೇಡಂ," ಎಂದರು.

ಕೋಪದಿಂದ ಹೇಳಲಿಲ್ಲ. ಬಸ್ಸು ಬಂದಾಗ ನನಗೆ ಮೊದಲು ಹತ್ತಲು ಬಿಟ್ಟು, ತಾವು ಹಿಂದಿನ ಬಾಗಿಲಲ್ಲಿ ಹತ್ತಿದರು.

ಮನೆಯ ಮಾಲೀಕರು ಕೋಣೆ ಖಾಲಿ ಮಾಡಿಸಿದ್ದರಿಂದ ಮತ್ತೆ ಹಲಸೂರಿನ ಅಕ್ಕನ ಮನೆಯ ನಡುಮನೆಗೆ ಬಂದಿದ್ದರು. ಡಿಸೆಂಬರಿನಲ್ಲಿ ಹೊಸೂರಿಗೆ ವರ್ಗ ಕೇಳಿ ಪಡೆದು ಹೊರಟುಹೋದರು. ಕೊನೆಯ ದಿನ ಎಲ್ಲರಿಗೂ ಮೈಸೂರುಪಾಕು ಹಂಚಿದರು. ನನ್ನ ಮೇಜಿಗೂ ಬಂದು ಕೊಟ್ಟು, ಬರ್ತೀನಿ ಎಂದರು. ಮರುವರ್ಷ ನನ್ನ ಮದುವೆಯಾಯಿತು. ನನ್ನ ಗಂಡ ಬ್ಯಾಂಕಿನವರು, ಜೋರಾಗಿ ಮಾತಾಡದವರು, ನನ್ನನ್ನು ಚೆನ್ನಾಗಿ ನೋಡಿಕೊಂಡವರು. ಕಗ್ಗದಾಸಪುರದಲ್ಲಿ ಆಗಿನ್ನೂ ತೋಟಗಳಿದ್ದ ಕಡೆ ಮನೆ ಕಟ್ಟಿಕೊಂಡೆವು, ಒಬ್ಬಳು ಮಗಳಾದಳು.

ಆ ಪ್ರಕರಣ ಮಾತ್ರ ಮುಗಿಯಲಿಲ್ಲ. ತೀರ್ಪು ಬಂತು, ಮೇಲ್ಮನವಿ ಬಂತು, ಆಯೋಗದ ವರದಿ ಬಂತು, ಕ್ಷಮೆಯ ಅರ್ಜಿಗಳು ಬಂದವು. ಪ್ರತಿ ಸಲವೂ ನಾನು ಅಡುಗೆಮನೆಯ ಕಟ್ಟೆಯ ಮೇಲೆ ಪತ್ರಿಕೆ ಹರಡಿಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಿದ್ದೆ. ಓದುತ್ತಿರುವಾಗಲೇ ಇದಕ್ಕೆ ಅವರು ಏನನ್ನುತ್ತಾರೆ, ಅದಕ್ಕೆ ನಾನೇನನ್ನಬೇಕು ಎಂದು ಮನಸ್ಸಿನಲ್ಲಿ ನಡೆಯುತ್ತಿತ್ತು. ಎಷ್ಟೋ ಸಲ ಅವರೇ ಗೆಲ್ಲುತ್ತಿದ್ದರು. ಕುಕ್ಕರು ಕೂಗಿದಾಗ ಪತ್ರಿಕೆ ಮಡಿಸಿ ಮೇಲಿಡುತ್ತಿದ್ದೆ. ಸತ್ತ ಆ ಮನುಷ್ಯನಿಗಾಗಿ ನನಗೆ ದುಃಖವಿತ್ತು, ಆದರೆ ಆ ಸುದ್ದಿಗಾಗಿ ನಾನು ಕಾಯುತ್ತಿದ್ದದ್ದು ಬೇರೆ ಕಾರಣಕ್ಕೆ. ಹಾಗೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಹದಿಮೂರು ವರ್ಷಗಳ ನಂತರ ಸೂಪರಿಂಟೆಂಡೆಂಟರು ನಿವೃತ್ತರಾದರು. ಇಂದಿರಾನಗರದ ಒಂದು ಸಣ್ಣ ಹಾಲಿನಲ್ಲಿ ಊಟ. ದೊಮ್ಮಲೂರಿನಲ್ಲಿ ಫ್ಲೈಓವರ್ ಕಟ್ಟುತ್ತಿದ್ದ ಕಾಲ. ದೂಳು, ಗದ್ದಲ ದಾಟಿಕೊಂಡು ತಡವಾಗಿ ಹೋದೆ. ಊಟದ ಪಂಕ್ತಿಯಲ್ಲಿ ಖಾಲಿಯಿದ್ದ ಒಂದು ಕುರ್ಚಿಯ ಪಕ್ಕ ಎದುರುಮೇಜಿನವರು ಕೂತಿದ್ದರು. ಮುಂದಲೆಯ ಕೂದಲು ಹೋಗಿತ್ತು. ಅವರ ಆಚೆ ಪಕ್ಕದಲ್ಲಿ ಹೆಂಡತಿ, ಹತ್ತು ವರ್ಷದ ಮಗಳು. ಪರಿಚಯ ಮಾಡಿಸಿದರು. ಎಲೆಗೆ ಪಲ್ಯ ಬೀಳುವಾಗ ನಾನು ಹೇಳಿಯೇಬಿಟ್ಟೆ.

"ಅವತ್ತು ಆ ಅಕ್ಷರ ನಂದು ಅಂತ ನಾನು ಹೇಳ್ಬೇಕಿತ್ತು."

ಅವರು ಪಲ್ಯವನ್ನು ಎಲೆಯ ಅಂಚಿಗೆ ಸರಿಸಿದರು. "ಹೇಳಿದ್ರೆ ಏನಾಗ್ತಿತ್ತು? ನಿಮ್ಮನ್ನೂ ತಂದು ಬೆಂಚಿನ ಮೇಲೆ ಕೂರಿಸ್ತಿದ್ರು. ಅಲ್ಲಿ ಸೊಳ್ಳೆ ಬಹಳ."

"ನಿಮ್ಮನ್ನ ಕೇಳಲಿಲ್ವಾ, ಯಾರದ್ದು ಅಂತ?"

"ಕೇಳಿದ್ರು. ನಂದೇ ಅಂದೆ. ಎದುರುವಾದ ಬರೆಯೋವಾಗ ಎಡಗೈಯಲ್ಲಿ ಬರೀತೀನಿ ಅಂದೆ." ಅವರು ನಗುತ್ತಿದ್ದರು. "ಎಲ್ಲಿ, ಬರಿ ಅಂತ ಕಾಗದ ಕೊಟ್ರು. ಬರೆದೆ. ಕೋಳಿ ಕೆದರಿದ ಹಾಗೆ ಬಂತು. ಇನ್‌ಸ್ಪೆಕ್ಟರು ನಕ್ಕುಬಿಟ್ರು. ಹುಡುಗಿ ಯಾರು ಅಂತ ಕೇಳಲ್ಲ, ಆದ್ರೆ ಆಕೆ ಹೇಳೋದೇ ಸರಿ ಇದೆ, ನಿನ್ನ ಬಾಣಗಳನ್ನೆಲ್ಲ ಅಳಿಸಿಬಿಡು ಅಂದ್ರು. ಸಂಜೆ ಬಿಟ್ರು."

ಆ ಬೆಂಚಿನ ಮೇಲೆ ಅವರು ನನ್ನ ಬಗ್ಗೆ ಏನು ಅಂದುಕೊಂಡಿರಬಹುದೆಂದು ಇಷ್ಟು ವರ್ಷ ನಾನು ಕಲ್ಪಿಸಿಕೊಂಡದ್ದೆಲ್ಲ ಸುಳ್ಳಾಗಿತ್ತು. ಅನ್ನ ಬಡಿಸುವವರು ಬಂದು ನಿಂತಿದ್ದರು, ಸಾಕು ಎನ್ನಲೂ ಮರೆತೆ.

"ಈಗ ಏನನ್ನಿಸುತ್ತೆ ನಿಮಗೆ?" ಎಂದು ಕೇಳಿದೆ. "ಆ ಆಯೋಗದ ವರದಿ ನೋಡಿದ್ರಲ್ಲ? ಅದರಲ್ಲಿ..."

"ಇಲ್ಲ ರೀ. ಆ ವಿಷಯ ನಾನೀಗ ಓದೋದೇ ಇಲ್ಲ," ಎಂದರು. "ಅವಾಗಲೂ ಅಷ್ಟೊಂದು ಓದ್ತಿರ್ಲಿಲ್ಲವೇನೋ, ನೀವು ಒಪ್ಕೊಂಡುಬಿಟ್ಟಿದ್ರೆ." ಅಷ್ಟು ಹೇಳಿ ಮಗಳ ಎಲೆಯ ಕಡೆ ತಿರುಗಿ, ಹಪ್ಪಳ ಬೇಕಾ ಎಂದು ತಮಿಳಿನಲ್ಲಿ ಕೇಳಿದರು.

ಹೊಸೂರಿನ ಬಸ್ಸಿಗೆ ತಡವಾಗುತ್ತದೆಂದು ಅವರು ಬೇಗ ಹೊರಟರು. ಹೆಂಡತಿ ನನ್ನ ಕೈ ಹಿಡಿದು, ಒಂದು ಸಲ ಮನೆಗೆ ಬನ್ನಿ ಎಂದು ಕರೆದರು. ಆಗಲಿ ಎಂದೆ. ಹೋಗಲಿಲ್ಲ.

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಕಾಫಿ ಕುಡಿಯುವಾಗ ನಾನು ಗಂಡನಿಗೆ ಎಲ್ಲವನ್ನೂ ಹೇಳಿದೆ: ಗೋಡೆ, ಅಂಚಿನ ಬರಹ, ನಾನು ಹೇಳಿದ ಸುಳ್ಳು. ಅವರು ಲೋಟ ಕೆಳಗಿಟ್ಟು ಕೇಳಿಸಿಕೊಂಡರು. ಬೇಜಾರು ಮಾಡಿಕೊಳ್ಳಲಿಲ್ಲ. ಎಲ್ಲ ಮುಗಿದ ಮೇಲೆ, "ಹಾಗಾದ್ರೆ ನಿಜವಾಗ್ಲೂ ಅದರ ಹಿಂದೆ ಬೇರೆ ಯಾರೂ ಇರ್ಲಿಲ್ಲ ಅಂತೀಯಾ?" ಎಂದು ಕೇಳಿದರು.

ನನಗೆ ಹುರುಪು ಬಂತು. ಕುರ್ಚಿ ಎಳೆದುಕೊಂಡು, ಹಾರದಿಂದ ಶುರುಮಾಡಿ ಆಯೋಗದ ವರದಿಯವರೆಗೆ ನನ್ನ ವಾದವನ್ನು ಒಂದೊಂದೇ ಮೆಟ್ಟಿಲಾಗಿ ಕಟ್ಟಿದೆ. ನನ್ನ ಗಂಡ ಗಮನಕೊಟ್ಟು ಕೇಳಿದರು. ಪ್ರತಿ ಮಾತಿಗೂ ಹೌದು ಎಂದರು. ಅದೂ ಸರಿ, ಇದೂ ಸರಿ ಎಂದರು. ಅವರು ಒಂದಾದರೂ ಮಾತಿಗೆ ತಡೆಯಲಿ ಎಂದು ಕಾಯುತ್ತ, ಬೇಕೆಂದೇ ಒಂದು ಕಡೆ ಬಿರುಕು ಬಿಟ್ಟು ನೋಡಿದೆ. ಅದಕ್ಕೂ ಸರಿ ಎಂದರು. ಸ್ವಲ್ಪ ಹೊತ್ತಿಗೆ ನನ್ನ ಮಾತು ತಾನಾಗಿಯೇ ನಿಧಾನವಾಗಿ ನಿಂತಿತು. ಹೊರಗೆ ಮಗಳು ಸೈಕಲ್ ಬೆಲ್ಲು ಬಾರಿಸುತ್ತಿದ್ದಳು. ನಾನೆದ್ದು ಲೋಟಗಳನ್ನು ತೊಳೆಯಲು ತೆಗೆದುಕೊಂಡು ಹೋದೆ.